ಆಯ್ತು, ಕೊಟ್ಬಿಡಿ

"ಹದಿನೈದು ಸಾವಿರಾನಾ? ಇದಕ್ಕಾ?" ಎಂದಳು ಆ ಹೆಂಗಸು, ಗಿಟಾರಿಗೆ ಬೆರಳನ್ನೂ ತಾಗಿಸದೆ.

ಅಂಗಡಿಯವನು ಕನ್ನಡಕವನ್ನು ಹಣೆಗೇರಿಸಿದ. ಮೂವತ್ತು ವರ್ಷದಿಂದ ಹಳೆಯ ವಾದ್ಯ ಮಾರುತ್ತಿದ್ದವನು. ಗಿರಾಕಿ ಮೂಗು ಮುರಿಯುತ್ತಾನೆ, ಎದ್ದು ಬಾಗಿಲವರೆಗೆ ಹೋಗುತ್ತಾನೆ, ಕರೆದರೆ ವಾಪಸು ಬರುತ್ತಾನೆ. ಚೌಕಾಸಿಯಲ್ಲಿ ಅವನಿಗೆ ಈಗ ಖುಷಿಯೂ ಇರಲಿಲ್ಲ, ಬೇಜಾರೂ ಇರಲಿಲ್ಲ.

"ನೀವೇ ಹೇಳಿ ಅಮ್ಮಾ. ಎಷ್ಟು ಕೊಡ್ತೀರಿ?"

"ಹತ್ತು. ತಂತಿ ನೋಡಿ, ತುಕ್ಕು ಹಿಡಿದಿದೆ. ಹತ್ತು ತಿಂಗಳಿಂದ ಯಾರೂ ಮುಟ್ಟಿಲ್ಲ ಇದನ್ನ."

ತುಕ್ಕು ನೋಡಿ ತಿಂಗಳ ಲೆಕ್ಕ ಹೇಳುವ ಗಿರಾಕಿ ಅಪರೂಪ. ಗಟ್ಟಿ ಆಸಾಮಿಯೇ ಬಂದಿದೆ ಎಂದುಕೊಂಡ.

ಗಿಟಾರು ಅಂಗಡಿಯದಲ್ಲ. ಎರಡು ವಾರದ ಹಿಂದೆ ಶಾಲೆಯ ಮೇಷ್ಟರೊಬ್ಬರು ಮಾರಿಕೊಡಿ ಎಂದು ತಂದಿಟ್ಟು ಹೋಗಿದ್ದರು. ಬೆಲೆ ಎಷ್ಟು ಬರೆಯಲಿ ಎಂದು ಕೇಳಿದರೆ, ಗೋಡೆ ನೋಡುತ್ತ "ನೀವೇ ಬರ್ಕೊಳ್ಳಿ" ಎಂದಿದ್ದರು. ಕೊಟ್ಟ ರಸೀದಿಯನ್ನು ಕೌಂಟರಿನ ಮೇಲೇ ಬಿಟ್ಟು ನಡೆದಿದ್ದರು.

ಹೀಗೆ ಇಟ್ಟು ಹೋದ ಸಾಮಾನಿಗೆ ಅಂಗಡಿಯಲ್ಲೊಂದು ಕಟ್ಟುನಿಟ್ಟು ಇತ್ತು. ಬೆಲೆ ನೂರು ಇಳಿದರೂ ಇಟ್ಟವರಿಗೆ ಫೋನು ಮಾಡಿ ಕೇಳಬೇಕು. ಅದೂ ಸ್ಪೀಕರ್ ಹಾಕಿ, ಗಿರಾಕಿಯ ಎದುರಿಗೇ. ನಡುವೆ ದುಡ್ಡು ನುಂಗಿದ ಎಂಬ ಅಪವಾದ ಒಮ್ಮೆ ಬಂದಮೇಲೆ ಮಾಡಿಕೊಂಡ ನಿಯಮ. ಬಾಗಿಲ ಪಕ್ಕ ಬೋರ್ಡೇ ಬರೆದು ಹಾಕಿದ್ದ.

ಫೋನು ಹೋಗುತ್ತಿದ್ದಂತೆ ಹೆಂಗಸು ತುಟಿಯ ಮೇಲೆ ಬೆರಳಿಟ್ಟು, ನಾನು ಮಾತಾಡುವುದಿಲ್ಲ ಎಂದು ಸನ್ನೆ ಮಾಡಿದಳು. ಆಡದಿದ್ದರೆ ಬಿಡಲಿ. ಚೌಕಾಸಿ ಮಾಡುವವರಿಗೆ ಒಬ್ಬೊಬ್ಬರಿಗೆ ಒಂದೊಂದು ವರಸೆ.

"ಮೇಷ್ಟ್ರೇ, ಗಿಟಾರಿಗೆ ಒಬ್ಬರು ಬಂದಿದ್ದಾರೆ. ಹತ್ತು ಸಾವಿರ ಕೊಡ್ತಾರಂತೆ."

"ಆಯ್ತು. ಕೊಟ್ಬಿಡಿ."

ಅಷ್ಟೇ. ಅಂಗಡಿಯವನು ಬಿಲ್ ಪುಸ್ತಕ ತೆರೆದ.

"ಆರು," ಎಂದಳು ಹೆಂಗಸು.

"ಈಗ ತಾನೆ ಹತ್ತು ಅಂದ್ರಲ್ಲ!"

"ಈಗ ಆರು. ಮೂರನೇ ತಂತಿಯ ಬಿರಡೆ ಜಾರುತ್ತೆ."

ಅವನು ತಿರುಗಿಸಿ ನೋಡಿದ. ಜಾರಿತು. ಎರಡು ವಾರ ಕೈಯಲ್ಲಿಟ್ಟುಕೊಂಡು ತನಗೇ ಕಾಣದ್ದು ಇವಳಿಗೆ ಕಂಡಿತಲ್ಲ ಎಂದು ಹೊಟ್ಟೆ ಉರಿಯಿತು. ಮತ್ತೆ ಫೋನು ಮಾಡಿದ.

"ಆಯ್ತು. ಕೊಟ್ಬಿಡಿ," ಎಂದಿತು ಅದೇ ಧ್ವನಿ.

"ಮೂರು," ಎಂದಳು ಅವಳು, ಫೋನು ಇಟ್ಟ ಮರುಕ್ಷಣವೇ.

ಈ ಸಲ ಅಂಗಡಿಯವನಿಗೆ ಕೋಪ ಬಂತು, ಅವಳಿಗಿಂತ ಹೆಚ್ಚಾಗಿ ಮೇಷ್ಟರ ಮೇಲೆ. ಹಗ್ಗದ ಆಚೆ ತುದಿಯನ್ನು ಯಾರಾದರೂ ಹಿಡಿದಿದ್ದರೆ ತಾನೆ ಎಳೆಯುವುದಕ್ಕೆ ಅರ್ಥ? ಎಷ್ಟೋ ವರ್ಷದ ಮೇಲೆ, ಒಂದು ವ್ಯಾಪಾರ ಮುರಿದು ಬೀಳಲಿ ಎಂದು ಮನಸ್ಸಾರೆ ಬಯಸಿದ.

"ಮೇಷ್ಟ್ರೇ, ಮೂರು ಸಾವಿರ ಅಂತಿದ್ದಾರೆ. ಬೇಡ ಅನ್ನಿ. ಒಳ್ಳೇ ಮರ ಇದು, ಮತ್ತೆ ಸಿಗೋದಿಲ್ಲ. ಒಂದು ಮಾತು ಬೇಡ ಅನ್ನಿ ಸಾಕು, ನಾನು ನೋಡ್ಕೋತೀನಿ."

"ಯಾಕೆ ಸರ್ ಸುಮ್ನೆ. ಕೊಟ್ಬಿಡಿ."

ಫೋನು ನಿಂತಿತು. ಹದಿನೈದರ ಗಿಟಾರು ಮೂರಕ್ಕೆ ಸಿಕ್ಕವಳ ಮುಖದಲ್ಲಿ ಗೆಲುವಿನ ಸುಳಿವೇ ಇರಲಿಲ್ಲ. ಪರ್ಸನ್ನು ತೊಡೆಯ ಮೇಲಿಟ್ಟುಕೊಂಡು, ಫೋನನ್ನೇ ನೋಡುತ್ತ ಕೂತಳು. ಇಂಥವರ ಆಸೆಗೆ ತಳವೇ ಇಲ್ಲ ಎಂದುಕೊಂಡ ಅಂಗಡಿಯವನು.

"ಇನ್ನೊಂದು ಸಲ ಕೇಳಿ," ಎಂದಳು. "ಹಿಂದುಗಡೆ ಒಂದು ಸ್ಟಿಕ್ಕರ್ ಇದೆ. ಮೀನಿಂದು. ಅದನ್ನ ಕೆರೆದು ತೆಗೆಸ್ಬೇಕು. ಅದರ ಖರ್ಚಿಗೆ ಐನೂರು ಬಿಡ್ಲಿ."

ಅಂಗಡಿಯವನು ಗಿಟಾರನ್ನು ಮಗುಚಿದ. ಬೆನ್ನಿನ ಮೂಲೆಯಲ್ಲಿ ಬೆರಳುದ್ದದ ಕಿತ್ತಳೆ ಮೀನು, ಸೊಟ್ಟಗೆ ಅಂಟಿತ್ತು.

"ನಾನು ಕೇಳಲ್ಲ. ನಿಮಗೆ ನಾಚಿಕೆ ಆಗ್ಬೇಕು."

"ಕೇಳಿ," ಎಂದಳು. "ಕೆರೆದು ತೆಗೀತಾಳಂತೆ ಅಂತಲೇ ಹೇಳಿ. ಇದೇ ಮಾತು."

ನಿಯಮ ಅಂದರೆ ನಿಯಮ. ಹಲ್ಲು ಕಚ್ಚಿ ಫೋನು ಮಾಡಿ, ಅದೇ ಮಾತು ಹೇಳಿದ.

ಈ ಸಲ ಕೊಟ್ಬಿಡಿ ಎಂಬುದು ಬರಲಿಲ್ಲ. ಹೆಂಗಸು ಫೋನಿನತ್ತ ಬಾಗಿದಳು.

"ಏನಂದ್ರಿ?" ಎಂದರು ಮೇಷ್ಟರು.

"ಮೀನಿನ ಸ್ಟಿಕ್ಕರ್, ಮೇಷ್ಟ್ರೇ. ಕೆರೆದು ತೆಗೀತಾಳಂತೆ."

"ಕೆರೀತಾಳಾ? ಅದು ನನ್ನ ಮಗಳು ಅಂಟ್ಸಿದ್ದು ಸ್ವಾಮಿ! ಆಸ್ಪತ್ರೆಗೆ ಹೋಗೋ ಹಿಂದಿನ ದಿನ ಅಂಟ್ಸಿದ್ದು! ಮಗು ಹೋಯ್ತು, ಅದನ್ನೂ ಕಿತ್ತು ಬಿಸಾಕ್ತಾಳಂತಾ? ಮೂರಲ್ಲ, ಮೂರು ಲಕ್ಷ ಸುರಿದ್ರೂ ಕೊಡಲ್ಲ! ಯಾರೂ ಮುಟ್ಬೇಡಿ ಅದನ್ನ! ಈಗ್ಲೇ ಬರ್ತಿದ್ದೀನಿ ನಾನು!"

ಕೊನೆಯ ಮಾತು ಅಳುವಿನಲ್ಲಿ ಕರಗಿ ಫೋನು ಕಟ್ಟಾಯಿತು. ಅಂಗಡಿಯವನು ಬಿಲ್ ಪುಸ್ತಕವನ್ನು ಸದ್ದಾಗುವಂತೆ ಮುಚ್ಚಿದ. ಮನಸ್ಸು ಹಗುರಾಗಿತ್ತು.

"ಕೇಳಿಸ್ತಲ್ಲ ಅಮ್ಮಾ? ವ್ಯಾಪಾರ ಮುಗೀತು. ಅವರು ಬರೋದ್ರೊಳಗೆ ಹೊರಡಿ. ಆ ಮನುಷ್ಯನ ಕಣ್ಣಿಗೆ ಬೀಳ್ಬೇಡಿ."

ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದಳು. ಹೆಗಲು ಕುಲುಕುತ್ತಿತ್ತು. ಈಗಲಾದರೂ ನಾಚಿಕೆಯಾಯಿತಲ್ಲ ಎಂದು ಅಂಗಡಿಯವನು ಸಮಾಧಾನ ಹೇಳುವ ಗೋಜಿಗೆ ಹೋಗಲಿಲ್ಲ.

ಅಷ್ಟರಲ್ಲಿ ಅವಳ ಪರ್ಸಿನೊಳಗೆ ಫೋನು ರಿಂಗಾಯಿತು. ತೆಗೆದು ಕಿವಿಗಿಟ್ಟಳು. ಸ್ಪೀಕರ್ ಇಲ್ಲದೆಯೂ ಮೇಷ್ಟರ ಧ್ವನಿ ಕೌಂಟರಿನ ಈಚೆಗೆ ಸ್ಪಷ್ಟವಾಗಿ ಕೇಳಿಸಿತು: "ಎಲ್ಲಿದ್ದೀಯೇ? ಬೇಗ ಬಾ. ಯಾವಳೋ ಒಬ್ಬಳು ನಮ್ಮ ಪುಟ್ಟಿ ಅಂಟ್ಸಿದ ಮೀನನ್ನ ಕೆರೀತೀನಿ ಅಂತಿದ್ದಾಳೆ ಕಣೇ!"