ಅಮ್ಮನಿಗೆ ಸ್ಪ್ಯಾನಿಷ್ ಬಾರದು

"ನಾಳೆಯಿಂದ ನನ್ನ ಹತ್ರ ಕನ್ನಡದಲ್ಲಿ ಒಂದು ಮಾತಾಡಿದ್ರೂ ಫೋನ್ ಇಟ್ಬಿಡ್ತೀನಿ!" ಎಂದಳು ಅಮ್ಮ, ಕುಕ್ಕರಿನ ಕೂಗಿಗಿಂತ ಗಟ್ಟಿಯಾಗಿ.

ಆ ಕಡೆ ಮಗಳು ಮೂಗು ಒರೆಸಿಕೊಳ್ಳುತ್ತಿದ್ದಳು. ಬೇಸಿಗೆಯ ಎಂಟು ವಾರ ಸ್ಪ್ಯಾನಿಷ್ ಕಲಿಯಲೆಂದು ಪರದೇಶಕ್ಕೆ ಹೋದವಳು. ಮೂರು ವಾರ ಆಗಲೇ ಕಳೆದಿತ್ತು. ಬರೆಯಲು ಕೊಟ್ಟರೆ ತರಗತಿಗೇ ಮೊದಲು. ಮಾತಾಡು ಎಂದರೆ ನಾಲಿಗೆ ಅಂಗುಳಿಗೆ ಅಂಟಿಕೊಳ್ಳುತ್ತಿತ್ತು. ಹದಿನೈದು ದಿನದೊಳಗೆ ಬಾಯಿ ಬಿಡದಿದ್ದರೆ ಅ ಆ ಇ ಈ ಕಲಿಯುವವರ ಕೋಣೆಗೆ ಇಳಿಸುತ್ತೇನೆ ಎಂದು ಅವತ್ತು ಮೇಡಂ ಹೇಳಿಬಿಟ್ಟಿದ್ದರು.

"ತಪ್ಪಾದ್ರೆ ಎಲ್ಲರೂ ನಗ್ತಾರಮ್ಮ."

"ನಾನು ನಗಲ್ಲ. ಯಾವ್ದು ತಪ್ಪು, ಯಾವ್ದು ಸರಿ, ನಂಗೇ ಗೊತ್ತಾಗಲ್ವಲ್ಲ! ದಿನಾ ಅರ್ಧ ಗಂಟೆ ಫೋನ್ ಮಾಡು. ಬೆಳಿಗ್ಗೆಯಿಂದ ಏನೇನಾಯ್ತೋ ಎಲ್ಲಾ ಆ ಭಾಷೇಲೇ ಹೇಳು."

ಹಾಗೆ ಶುರುವಾಯಿತು. ಅಮ್ಮ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿಟ್ಟು, ಬಟಾಣಿ ಸುಲಿಯುತ್ತ ಹೂಂಗುಟ್ಟುವಳು. ಮಗಳು ತಡವರಿಸಿದಾಗಲೆಲ್ಲ ಒಂದು ಕಾಳು ಪಕ್ಕದ ಬಟ್ಟಲಿಗೆ. ಮೊದಲ ದಿನ ಅದೇ ಒಂದು ಬೊಗಸೆಯಾಯಿತು. ಅಪ್ಪ ನೋಡಿ ನೋಡಿ ನಕ್ಕ. "ನಿಂಗೇನು ತಿಳಿಯುತ್ತೆ? ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ!"

"ಕಿನ್ನರಿ ಕಲಿಯೋರಿಗೆ ಕೋಣನೇ ಬೇಕು ರೀ. ಅದು ನಗೋದೂ ಇಲ್ಲ, ಎದ್ದು ಹೋಗೋದೂ ಇಲ್ಲ."

ಆರನೆಯ ದಿನ ಮಗಳು ಏನೋ ಹೇಳುತ್ತಿದ್ದಾಗ ಅಮ್ಮ ನಡುವೆ "ಭೇಷ್, ಭೇಷ್!" ಎಂದುಬಿಟ್ಟಳು. ಮಗಳಿಗೆ ರೇಗಿತು. "ಅಮ್ಮಾ, ಮೆಟ್ಟಿಲ ಮೇಲಿಂದ ಬಿದ್ದೆ ಕಣಮ್ಮ! ಮಂಡಿಯೆಲ್ಲ..." ಕನ್ನಡ ಕಿವಿಗೆ ಬಿದ್ದದ್ದೇ ಅಮ್ಮ ಫೋನ್ ಇಟ್ಟಳು. ಇಟ್ಟ ಕೈಯನ್ನು ಅದರ ಮೇಲಿಂದ ತೆಗೆಯಲು ಮಾತ್ರ ಅವಳಿಗೆ ಆಗಲಿಲ್ಲ. ನಿಮಿಷದಲ್ಲೇ ಮತ್ತೆ ಫೋನ್ ಬಂತು. ಮಗಳು ಮಂಡಿಯ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಸ್ಪ್ಯಾನಿಷಿನಲ್ಲೇ ಕೂಗಿ ಹೇಳಿದಳು. ಸಿಟ್ಟಿನಲ್ಲಿ ತಡವರಿಸುವುದನ್ನೇ ಮರೆತಿದ್ದಳು. ಅಮ್ಮ ಕಣ್ಣು ಒರೆಸಿಕೊಂಡು ಹೂಂಗುಟ್ಟಿದಳು.

ಹದಿನೈದನೆಯ ದಿನ ಫೋನು ಎತ್ತುತ್ತಿದ್ದಂತೆ ಮಾತು ಧೋ ಎಂದು ಸುರಿಯಿತು. ಅಮ್ಮ ತಡೆಯಲಾರದೆ, "ಇವತ್ತೊಂದಿನ ಕನ್ನಡದಲ್ಲಿ ಹೇಳೇ ಮಾರಾಯ್ತಿ," ಎಂದಳು.

"ಇಳಿಸ್ಲಿಲ್ಲಮ್ಮ! ಒಂದು ತರಗತಿ ಮೇಲಕ್ಕೆ ಹತ್ತಿಸಿದ್ರು! ತಾಳು, ನಾನಿರೋ ಮನೆಯ ಒಡತಿ ನಿನ್ನ ಹತ್ರ ಏನೋ ಹೇಳ್ಬೇಕಂತೆ."

ದಪ್ಪ ದನಿಯೊಂದು ಎರಡು ನಿಮಿಷ ಎಡೆಬಿಡದೆ ಗುಡುಗಿತು.

"ಏನಂತೆ?"

ಮಗಳು ನಗುತ್ತಿದ್ದಳು. "ನನ್ನ ಮೇಲೇ ದೂರು. ಮೊದಲ ಮೂರು ವಾರ ಈ ಹುಡುಗಿಗೆ ಮಾತೇ ಬರಲ್ಲ ಅನ್ಕೊಂಡಿದ್ರಂತೆ. ಈಗ ಊಟಕ್ಕೆ ಕೂತ್ರೆ ನಿಲ್ಸೋದೇ ಇಲ್ಲ, ಇವಳ ಮಾತು ಕೇಳಿ ಕೇಳಿ ದಿನಾ ನನ್ನ ಊಟ ಆರಿ ಹೋಗ್ತಿದೆ, ಅಂತಾರೆ."

ಅಮ್ಮ ಫೋನಿನ ಮುಂದೆ ನೆಟ್ಟಗೆ ಕೂತಳು.

"ನಾನು ಹೇಳೋದನ್ನ ಹಾಗೇ ಅವರಿಗೆ ಹೇಳು. ಊಟ ಆರಿದ್ರೆ ಬಿಸಿ ಮಾಡ್ಕೊಳ್ಳಿ. ಹುಡುಗಿ ಬಾಯಿ ಮಾತ್ರ ಮುಚ್ಚಿಸ್ಬೇಡಿ."