ಸುಟ್ಟ ತಂಬೂರಿಯ ಕಾವು

ಆ ಊರಿನಲ್ಲಿ, ಉರಿಯುವಾಗ ಕೊಟ್ಟ ಕಾವನ್ನು ಬೂದಿಗೆ ಮರಳಿಸಿದರೆ ಸುಟ್ಟ ವಸ್ತು ಹಿಂದಿರುಗುತ್ತಿತ್ತು. ಸಿಟ್ಟಿನಲ್ಲಿ ತಂಗಿಯ ತಂಬೂರಿಯನ್ನು ಒಲೆಗೆಸೆದಿದ್ದ ಫಕೀರ, ಬೂದಿಬುಟ್ಟಿ ಹಿಡಿದು ಕಾವಿನ ಲೆಕ್ಕ ಹಾಕುವ ದುರಗವ್ವನ ಕಟ್ಟೆಗೆ ಬಂದ.

“ತಂಬೂರಿ ಕಾವು ಯಾರೂ ಅಳತಿ ಮಾಡಿಲ್ಲಲ್ಲ, ಅತ್ತಿ?”

“ಕಟ್ಟಿಗಿ ಇದ್ದಲಿ ಆಗೂ ಕಾವು ಗೊತ್ತೈತಿ, ಇದ್ದಲಿ ಬೂದಿ ಆಗೂ ಕಾವೂ ಗೊತ್ತೈತಿ. ಎರಡೂ ಕೂಡಿಸಿ ಬೂದಿಗೆ ತಿರುಗಿ ಕೊಟ್ರ ಆತು. ಒಮ್ಮೆಲೆ ಬೂದಿ ಆದ್ರೂ, ಇದ್ದಲಿ ಆಗಿ ಬೂದಿ ಆದ್ರೂ ಲೆಕ್ಕ ಅಷ್ಟ. ಹಂಡೆ ನೀರು ಕುದಿಯೂವಷ್ಟು ನಿನ್ನ ಮೈಕಾವು ಕೊಡಬೇಕು ನೋಡಪಾ, ಸಿಟ್ಟಿನ ಸರದಾರ!”

ಫಕೀರ ಬುಟ್ಟಿಯನ್ನು ಎದೆಗವಚಿಕೊಂಡ. ಅವನ ತುಟಿ ನೀಲಿಗಟ್ಟಿತು. ಬೂದಿಯೊಳಗಿಂದ ತಂಬೂರಿಯ ಕೊರಳು ಮೇಲೆದ್ದು ಅರ್ಧಕ್ಕೇ ನಿಂತಿತು.

ಅಣ್ಣನ ಜೊತೆ ಬಂದರೂ ಮುಖ ತಿರುಗಿಸಿ ನಿಂತಿದ್ದ ತಂಗಿ ಪಾರವ್ವ ಹತ್ತಿರ ಬಂದು ಬುಟ್ಟಿಗೆ ಕೈ ಹಚ್ಚಿದಳು.

“ಸ್ವಲ್ಪ ಆಚಿ ಸರಿ. ಅವತ್ತು ಅಳಕೋತ ಆ ಬೆಂಕಿಗೇ ನಾನೂ ಕೈ ಕಾಸಿಕೊಂಡಿದ್ದೆ.”