ತಿರುವು ಚೆಂಡಿನ ಸನ್ನೆ

ಹೊಸಬರ ಬೇಸ್‌ಬಾಲ್ ಲೀಗಿನ ಕೊನೆಯ ಪಂದ್ಯ. ಗೆದ್ದರೆ ಮಾತ್ರ ತಂಡ ಮುಂದಿನ ವರ್ಷಕ್ಕೆ ಉಳಿಯುತ್ತಿತ್ತು. ಆದರೆ ತಮ್ಮ ಎಸೆತಗಾರ ಯಾವ ಚೆಂಡು ಎಸೆಯುತ್ತಾನೆಂದು ಎದುರಾಳಿಗಳಿಗೆ ಮೊದಲೇ ಗೊತ್ತಿರುವಂತೆ ತರಬೇತುದಾರ ಶಂಕ್ರೆಪ್ಪನವರಿಗೆ ಅನಿಸತೊಡಗಿತು. ಗಾಳಿಯಲ್ಲಿ ಬಾಗಿ ಬರುವ ತಿರುವು ಚೆಂಡು ಬಂದಾಗಲೆಲ್ಲ ಎದುರಾಳಿಗಳು ಕಾದು ನಿಂತು ಬಾರಿಸುತ್ತಿದ್ದರು.

ಯಾವ ಚೆಂಡು ಎಂದು ಬೆಂಚಿನಿಂದ ಶಂಕ್ರೆಪ್ಪ ಬೆರಳಲ್ಲಿ ತೋರಿಸಿದ ಸನ್ನೆ, ಬ್ಯಾಟುಗಾರನ ಹಿಂದೆ ಕೂತ ಕ್ಯಾಚರ್ ಮೈಲಾರಿಯ ಮೂಲಕ ಎಸೆತಗಾರನಿಗೆ ಮುಟ್ಟುತ್ತಿತ್ತು. ಮೈಲಾರಿ ಹೋದ ವರ್ಷ ಆಡಿದ್ದು ಇದೇ ಎದುರಾಳಿ ತಂಡಕ್ಕೆ. ಬೆಳಿಗ್ಗೆ ಅವನು ಅವರ ನಾಯಕನ ಜೊತೆ ನಗುತ್ತ ಚಹಾ ಕುಡಿದದ್ದನ್ನೂ ಶಂಕ್ರೆಪ್ಪ ಕಂಡಿದ್ದರು.

ವಿರಾಮದಲ್ಲಿ ಅವನನ್ನು ಪಕ್ಕಕ್ಕೆ ಕರೆದರು.

"ಎಷ್ಟು ದಿನದಿಂದ ನಡದೈತಿ ಇದು?"

"ಯಾವ್ದು ಸರ?"

"ಉಂಡ ಮನಿ ಜಂತಿ ಎಣಸೋದು."

ಮೈಲಾರಿಯ ಮುಖ ಬಿಳಿಚಿಕೊಂಡಿತು. "ನಮ್ಮವ್ವನ ಆಣಿ ಸರ, ನಾ ಯಾರಿಗೂ ಏನೂ ಹೇಳಿಲ್ರಿ."

"ಅಂಗಿ ಬಿಚ್ಚಿಟ್ಟು ನಡಿ."

ಅವನು ತಂಡದ ಅಂಗಿಯನ್ನು ಮಡಚಿ ಬೆಂಚಿನ ಮೇಲಿಟ್ಟು, ಯಾರ ಮುಖವನ್ನೂ ನೋಡದೆ ಗೇಟು ದಾಟಿದ. ಬೇರೆ ಕ್ಯಾಚರ್ ಬಂದ, ಬೆರಳಿನ ಸನ್ನೆಗಳೂ ಬದಲಾದವು. ಆದರೂ ಪಂದ್ಯದ ಕೊನೆಯ ತಿರುವು ಚೆಂಡು ಬೇಲಿಯಾಚೆ ಹೋಗಿ ಬಿತ್ತು, ಪಂದ್ಯವೂ ಕೈತಪ್ಪಿತು.

ಕೈ ಕುಲುಕಲು ಬಂದ ಎದುರಾಳಿ ನಾಯಕನ ಕೈಯನ್ನು ಶಂಕ್ರೆಪ್ಪ ಬಿಡಲಿಲ್ಲ.

"ಖರೇ ಹೇಳಪಾ, ನಮ್ಮೋರಾಗ ಇನ್ನೂ ಯಾರದಾರ ನಿಮ್ಮ ಕಡೆ?"

"ಯಾರೂ ಇಲ್ರಿ ಸರ. ತಿರುವು ಚೆಂಡು ಹೇಳಿದಾಗಷ್ಟ ನೀವು ಬೆಂಚ್ ಬಿಟ್ಟು ಎದ್ದು ನಿಂದ್ರತಿದ್ರಿ."